ಕರಿಬೇವಿನ ಚಿಟ್ಟೆಗೆ ಉಲ್ಟಾ ಲೆನ್ಸು

ಅವ್ವಾ,

ಕರಿಬೇವಿನ ಗಿಡದ ಕೆಳಗಿನ ಕೊಂಬೆಯಲ್ಲಿದ್ದ ಚಿಟ್ಟೆಯ ಗೂಡು ಕಪ್ಪಾಗಿದೆ. ಇವತ್ತೇ ಒಡೆಯುತ್ತದೆ. ನಾನು ಕಾಯುವಂತಿಲ್ಲ. ಸೊರಬದ ಸ್ಟುಡಿಯೊದ ಯತೀಶಣ್ಣ ತಮ್ಮ ಹಳೆಯ ಮ್ಯಾಕ್ರೊ ಲೆನ್ಸನ್ನು ಮಧ್ಯಾಹ್ನದವರೆಗೆ ಮಾತ್ರ ನನಗಾಗಿ ಇಟ್ಟಿರುತ್ತಾರಂತೆ. ಹೊಸದರ ಅರ್ಧ ಬೆಲೆ; ಕೊಂಡು ತರಲು ಹೊರಟೆ. ಅದಿದ್ದರೆ ಗೇಣು ದೂರದಿಂದಲೇ ಚಿಟ್ಟೆಯ ಕಣ್ಣೂ ಸ್ಪಷ್ಟವಾಗಿ ಬರುತ್ತದೆ, ಅದು ಹೆದರಿ ಹಾರುವುದೂ ಇಲ್ಲ.

ಒಗ್ಗರಣೆಗೆ ಮೇಲಿನ ಕೊಂಬೆಯಿಂದ ಕಿತ್ತುಕೋ.

ಕ್ಯಾಮೆರಾ ಮೇಜಿನ ಮೇಲಿದೆ. ಲೆನ್ಸು ಹಿಂದುಮುಂದಾಗಿದೆ; ಸಣ್ಣದು ದೊಡ್ಡದಾಗಿ ಕಾಣಲಿ ಎಂದು ಬೇಕೆಂದೇ ಹಾಗೆ ಹಾಕಿದ್ದೇನೆ. ಮೊನ್ನೆ "ಹುಡುಗಿ ಅವಸರದಾಗ ಉಲ್ಟಾ ಹಾಕ್ಯಾಳ" ಅಂತ ತಿರುಗಿಸಿಟ್ಟೆಯಲ್ಲ, ನಾನು ಮತ್ತೆ ಬಿಚ್ಚಿ ಹಾಕುವಷ್ಟರಲ್ಲಿ ಫೋಟೊ ತೆಗೆಯಬೇಕೆಂದಿದ್ದ ಇರುವೆ ಮನೆಗೆ ಹೋಗಿ ಊಟ ಮುಗಿಸಿತ್ತು. ಇವತ್ತು ಲೆನ್ಸು ತಿರುಗಿಸಬೇಡ.

ಗೂಡು ಒಡೆದರೆ ಕ್ಯಾಮೆರಾ ಹಿಡಿದು ನೀನೇ ಮೆಲ್ಲಗೆ ಹಿಂದೆ ಮುಂದೆ ಸರಿ. ಸ್ಪಷ್ಟವಾಗಿ ಕಂಡ ಕೂಡಲೇ, ಸೂಜಿಗೆ ದಾರ ಪೋಣಿಸುವಾಗ ಉಸಿರು ಹಿಡಿಯುತ್ತೀಯಲ್ಲ, ಹಾಗೆ ಹಿಡಿದು ಗುಂಡಿ ಒತ್ತು.

ಫೋಟೊ ಚೆನ್ನಾಗಿ ಬಂದರೆ ಮಧ್ಯಾಹ್ನದೊಳಗೆ ಮಾತ್ರ ಫೋನ್ ಮಾಡಬೇಡ. "ಉಲ್ಟಾ ಲೆನ್ಸೇ ಸಾಕಲ್ಲೇ" ಅಂತ ನೀನು ಅಂದುಬಿಟ್ಟರೆ ನಾನು ಬರಿಗೈಲಿ ವಾಪಸು ಬರಬೇಕಾಗುತ್ತದೆ.

ಧನ್ಯಾ