ಹೆಸರು ಖಾಲಿ ಇರುವ ಮರಣಪತ್ರ

ಆರೋಗ್ಯ ಕೇಂದ್ರದ ಮುಖ್ಯ ವೈದ್ಯಾಧಿಕಾರಿಗಳೇ,

‘ಮಾನ್ಯರೇ’ ಎಂದು ಬರೆಯಲು ಕೈ ಬರುತ್ತಿಲ್ಲ. ನನ್ನ ತಂಗಿ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರಿನ ವಿಷಗಾಳಿ ಕುಡಿದು ಸತ್ತಳು. ನೀವು ‘ಹೃದಯ ನಿಂತು ಸಾವು’ ಎಂದು ಬರೆದುಕೊಟ್ಟಿರಿ. ಹೃದಯ ನಿಲ್ಲದೆ ಸತ್ತವರನ್ನು ನಿಮ್ಮ ಸೇವಾವಧಿಯಲ್ಲಿ ಎಷ್ಟು ಮಂದಿ ನೋಡಿದ್ದೀರಿ, ಸ್ವಾಮಿ? ನಾನು ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಬಸ್ಸು ಯಾಕೆ ನಿಂತಿತು ಎಂದು ಕೇಳಿದಾಗ ‘ಚಕ್ರ ತಿರುಗಲಿಲ್ಲ ಟೀಚರ್, ಅದಕ್ಕೇ’ ಎಂದ ಹುಡುಗಿಯನ್ನು ನೋಡಿ ಇಡೀ ತರಗತಿ ನಕ್ಕಿತ್ತು. ನೀವು ಅದೇ ಉತ್ತರಕ್ಕೆ ಸಹಿಯನ್ನೂ ಮೊಹರನ್ನೂ ಹಾಕುತ್ತೀರಿ.

ಆ ಬೆಳಿಗ್ಗೆ ಚಿಲಕ ಮುರಿದು ಅವಳನ್ನು ಹೊರಗೆ ತಂದಿದ್ದೆವು. ನೀವು ಬಂದವರು ಬಚ್ಚಲಿನ ಹೊಸ್ತಿಲು ದಾಟಲಿಲ್ಲ, ಬೂಟು ಬಿಚ್ಚಬೇಕಾಗುತ್ತದಲ್ಲ! “ಮುಖ ಯಾಕೆ ಇಷ್ಟು ಕೆಂಪಗಿದೆ ಡಾಕ್ಟ್ರೇ? ಬದುಕಿದ್ದಾಗಲೂ ಹೀಗಿರಲಿಲ್ಲ” ಎಂದು ಕೇಳಿದೆ. “ಬಿಸಿನೀರಮ್ಮ. ವಯಸ್ಸೆಷ್ಟು?” “ನಲವತ್ತೊಂದು.” “ಹಾರ್ಟು.” ಅಷ್ಟೇ. ನಿಮ್ಮ ಕಾಂಪೌಂಡರ್ ಚೀಲದಿಂದ ಫಾರಂ ಪುಸ್ತಕ ತೆಗೆದ. ಕಾರಣ ಮೊದಲೇ ಟೈಪಾಗಿತ್ತು, ಸಹಿ, ಮೊಹರು ಬಿದ್ದಾಗಿತ್ತು. ವಾಷಿಂಗ್ ಮೆಷಿನ್ ಮೇಲಿಟ್ಟು ನನ್ನ ತಂಗಿಯ ಹೆಸರು, ವಯಸ್ಸು, ತಾರೀಕು ತುಂಬಿಸಿದ. ಅಬ್ಬಾ, ಎಂಥ ದೂರದೃಷ್ಟಿ! ಅವಳು ಹಲ್ಲುಜ್ಜುವ ಮೊದಲೇ ಅವಳ ಸಾವಿನ ಕಾರಣ ನಿಮಗೆ ತಿಳಿದಿತ್ತು.

ನಲವತ್ತು ದಿನ ಕಳೆಯಿತು. ಅದೇ ಬಚ್ಚಲಲ್ಲಿ ಅವಳ ಮಗಳು ಬಿದ್ದಳು. ಪುಣ್ಯಕ್ಕೆ ಚಿಲಕ ಹಾಕಿರಲಿಲ್ಲ, ಎಳೆದುಕೊಂಡು ಬಂದೆ. ದೊಡ್ಡಾಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ರಕ್ತ ತೆಗೆಯುತ್ತಲೇ ಕೇಳಿದಳು: “ಗೀಸರ್ ಒಳಗೇ ಇದೆಯಾ? ಗಾಳಿ ಹೋಗೋಕೆ ಕಿಂಡಿ ಇದೆಯಾ? ಈ ಮನೇಲಿ ಮುಂಚೆ ಯಾರಿಗಾದ್ರೂ ಹೀಗಾಗಿತ್ತಾ?” ನಿಮ್ಮ ಪತ್ರ ಕೊಟ್ಟೆ, ತಂಗಿಯ ಮುಖ ಕೆಂಪಗಿದ್ದದ್ದನ್ನೂ ಹೇಳಿದೆ; ಆ ಕೆಂಪು ವಿಷಗಾಳಿಯ ಗುರುತಂತೆ. ಓದಿ ಕೇಳಿದಳು, “ಇದನ್ನ ಬರೆದೋರು ಬಚ್ಚಲು ನೋಡಿದ್ರಾ ಮೇಡಂ?”

ನೋಡಿದ್ದರೆ ಕಿಂಡಿಗೆ ಹೊಡೆದಿದ್ದ ಹಲಗೆ ಕಾಣುತ್ತಿತ್ತು. ಅನುಮಾನ ಬಂದು ಶವಪರೀಕ್ಷೆಗೆ ಕಳಿಸುತ್ತಿದ್ದಿರಿ. ಮಗು ಬೀಳುತ್ತಿರಲಿಲ್ಲ. ಬದುಕಿದ್ದಾಳೆ, ಆದರೆ ಈಗಲೂ ಲೋಟ ಹಿಡಿದರೆ ಕೈ ನಡುಗುತ್ತದೆ. ಮುಚ್ಚಿದ ಕೋಣೆಯಲ್ಲಿ ಬೆಂಕಿ ಉರಿದರೆ ಏನಾಗುತ್ತದೆಂದು ವರ್ಷ ವರ್ಷವೂ ಪಾಠ ಮಾಡಿದ ನಾನು, ನಿಮ್ಮ ಸಹಿ ನಂಬಿ ಸುಮ್ಮನಿದ್ದೆ. ನನಗೂ ಸೊನ್ನೆಯೇ. ಆದರೆ ಆ ಸೊನ್ನೆಗೆ ನಾನು ಸಂಬಳ ತೆಗೆದುಕೊಂಡಿರಲಿಲ್ಲ.

ತಂಗಿಯ ಮಗಳ ರಕ್ತದಲ್ಲಿ ವಿಷಗಾಳಿ ಇದೆ ಎಂದ ವರದಿ ಹಿಡಿದು ನಿಮ್ಮ ಬಾಗಿಲಿಗೆ ಐದು ಸಲ ಬಂದೆ. ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಕೂತಿದ್ದಿರಿ. “ಬರೆದಿದ್ದು ಬರೆದಾಯ್ತಮ್ಮ. ಸತ್ತೋರು ವಾಪಸ್ ಬರ್ತಾರಾ?” ಎಂದಿರಿ. ಸತ್ತವಳಿಗಾಗಿ ನಾನು ಬಂದಿರಲಿಲ್ಲ. ನಾವಿದ್ದ ವಠಾರದಲ್ಲಿ ಅಂಥವೇ ಇನ್ನೂ ಮೂರು ಬಚ್ಚಲುಗಳಿವೆ. ನಾವು ಖಾಲಿ ಮಾಡಿದ ಮನೆಗೆ ತುಂಬು ಬಸುರಿಯೊಬ್ಬಳು ಬಂದಿದ್ದಾಳೆ. ಗೀಸರ್ ತೆಗೆಸಿ ಎಂದರೆ ಮಾಲೀಕ ಜೇಬಿನಿಂದ ನಿಮ್ಮ ಪತ್ರದ ಜೆರಾಕ್ಸ್ ತೆಗೆಯುತ್ತಾನೆ: “ಡಾಕ್ಟ್ರೇ ಹಾರ್ಟು ಅಂತ ಬರೆದಿದಾರೆ, ನೀವ್ಯಾರ್ರೀ ಹೇಳೋಕೆ? ಆ ಹುಡುಗಿ ತಿಂಡಿ ತಿನ್ನದೆ ತಲೆ ತಿರುಗಿ ಬಿದ್ದಿದ್ದು.” ಆ ಬಸುರಿ ದಿನಾ ಅಲ್ಲೇ ಸ್ನಾನ ಮಾಡುತ್ತಾಳೆ.

ನನ್ನ ಬೇಡಿಕೆ ಸಣ್ಣದು. ಬೂಟು ಬಿಚ್ಚಿ ಆ ಬಚ್ಚಲಿಗೆ ಹೋಗಿ ನೋಡಿ. ಆಮೇಲೆ ನಿಮ್ಮ ಕೈಯಾರೆ ಇನ್ನೊಂದು ಪತ್ರ ಬರೆಯಿರಿ: ‘ಪರೀಕ್ಷಿಸದೆ ಬರೆದಿದ್ದೆ, ವಿಷಾನಿಲದ ಶಂಕೆಯಿದೆ’ ಎಂದು. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದಾದರೂ ಬರೆಯಿರಿ. ಎಂಟು ದಿನ ಕೊಟ್ಟಿದ್ದೇನೆ.

ಬರೆಯದಿದ್ದರೆ? ಹೇಳುತ್ತೇನೆ ಕೇಳಿ. ಅಂದು ಕಾಂಪೌಂಡರ್ ಅವಸರದಲ್ಲಿ ಹರಿದುಕೊಟ್ಟದ್ದು ಒಂದಲ್ಲ, ಅಂಟಿಕೊಂಡಿದ್ದ ಎರಡು ಹಾಳೆ. ಎರಡನೆಯದು ನನ್ನ ಬೀರುವಿನಲ್ಲಿದೆ. ಕಾರಣ: ಹೃದಯ ನಿಂತು ಸಾವು. ಸಹಿ ನಿಮ್ಮದೇ, ಮೊಹರೂ ನಿಮ್ಮದೇ. ಒಂಬತ್ತನೆಯ ದಿನ ಅದರಲ್ಲಿ ನಿಮ್ಮ ಹೆಸರು ತುಂಬಿಸಿ ಜನನ-ಮರಣ ನೋಂದಣಿ ಕಚೇರಿಗೂ ನಿಮ್ಮ ಸಂಬಳ ಕೊಡುವ ಖಜಾನೆಗೂ ಕೊಟ್ಟು ಬರುತ್ತೇನೆ. ನನ್ನ ಮೇಲೆ ಕೇಸು ಹಾಕಿ, ಸಂತೋಷ. ಆದರೆ ಆ ಸಹಿ ಹೆಣ ನೋಡುವ ಮೊದಲೇ ಹಾಕಿದ್ದೆಂದು ಕಟಕಟೆಯಲ್ಲಿ ನೀವೇ ಹೇಳಬೇಕು. ಅಲ್ಲಿಯವರೆಗೆ ಕಿಟಕಿಯಿಂದ ಕಿಟಕಿಗೆ ಅಲೆದು, ಉಸಿರಾಡುತ್ತಿದ್ದೇನೆಂದು ಸಾಬೀತು ಮಾಡಿ. ಕಿಟಕಿಯಾಚೆಯವನು ತಲೆ ಎತ್ತದೆ ಹೇಳುತ್ತಾನೆ: “ಬರೆದಿದ್ದು ಬರೆದಾಯ್ತು ಸಾರ್.”

ಮಾಡಿದ್ದುಣ್ಣೋ ಮಹಾರಾಯ.

ಇಂತಿ,
ಪೆನ್ನಿನ ಮುಚ್ಚಳ ತೆಗೆದಿಟ್ಟುಕೊಂಡು ಕೂತಿರುವ,
ಸತ್ತವಳ ಅಕ್ಕ