ಸುತ್ತುವರಿದ ದೇಶ ಮತ್ತು ನಾನು ನಿಲ್ಲಿಸಿದ ಕಥೆ

ದೊಡ್ಡಪ್ಪ,

ನಿನಗೆ ಓದಲು ಬರುತ್ತಿರಲಿಲ್ಲ. ಈ ಕಾಗದವನ್ನು ಅಲ್ಲಿ ಯಾರ ಕೈಲಾದರೂ ಓದಿಸಿಕೋ. ದೊಡ್ಡಉಳ್ಳಾರ್ತಿಯ ಅರ್ಧ ಊರು ಈಗ ನಿನ್ನ ಜೊತೆಗೇ ಇದೆಯಲ್ಲ, ನಾಲ್ಕಕ್ಷರ ಬಲ್ಲವರು ಒಬ್ಬರಾದರೂ ಸಿಗುತ್ತಾರೆ. ಹದಿನೈದು ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಮೊನ್ನೆ ನಮ್ಮ ಹೋಟೆಲಿನಲ್ಲಿ ಚಟ್ನಿಗೆ ಎರಡು ಸಲ ಉಪ್ಪು ಹಾಕಿದೆ. "ಏನಾಗೈತೆ ನಿನಗೆ?" ಅಂದ ನಿನ್ನ ಅಳಿಯ. ಏನಂತ ಹೇಳಲಿ? ನೀನು ಹೇಳುತ್ತಿದ್ದ ಆ ದೇಶ ಸಿಕ್ಕಿತು ಅಂದರೆ ಅವನಿಗೇನು ಅರ್ಥವಾದೀತು?

ಅದು ಸಿಕ್ಕಿದ ದಿನ ಮಧ್ಯಾಹ್ನ ಮೊಳಕಾಲ್ಮೂರು ಬಸ್‌ಸ್ಟ್ಯಾಂಡಿನ ನಮ್ಮ ಹೋಟೆಲಿನಲ್ಲಿ ಜನ ಇರಲಿಲ್ಲ. ನಾನು ಈರುಳ್ಳಿ ಸುಲಿಯುತ್ತಾ ಸುಧಾಳ ಗೈಡು ನೋಡಿ ಪ್ರಶ್ನೆ ಕೇಳುತ್ತಿದ್ದೆ. ನಿನ್ನ ಮೊಮ್ಮಗಳು ಸರ್ಕಾರಿ ಕೆಲಸದ ಪರೀಕ್ಷೆಗೆ ಕಟ್ಟಿದ್ದಾಳೆ. "ಆಫ್ರಿಕದಲ್ಲಿ ಒಂದೇ ದೇಶದಿಂದ ಪೂರ್ತಿ ಸುತ್ತುವರಿದ ದೇಶ ಯಾವುದು?" ಅಂದೆ. ಅವಳು ತಲೆ ಎತ್ತದೆ, "ಲೆಸೊಥೊ. ಸುತ್ತ ದಕ್ಷಿಣ ಆಫ್ರಿಕ. ಮುಂದಿಂದು ಕೇಳವ್ವ" ಅಂದಳು. ನಾನು ಮುಂದಿನದು ಕೇಳಲಿಲ್ಲ. ಆ ಪುಟವನ್ನೇ ಓದುತ್ತಾ ಕೂತೆ. ಇಡೀ ದೇಶವೇ ಬೆಟ್ಟದ ಮೇಲಿದೆ. ಸಮುದ್ರ ಇಲ್ಲ. ಕುರಿ ಉಣ್ಣೆ, ಮೇಕೆ ಕೂದಲು ಹೊರಗೆ ಮಾರುತ್ತಾರೆ. ಗಂಡಸರು ಗಣಿ ಕೆಲಸಕ್ಕೆ ಪಕ್ಕದ ದೇಶಕ್ಕೆ ಹೋಗುತ್ತಾ ಬಂದಿದ್ದಾರೆ, ಹೆಂಗಸರು ಕಾರ್ಖಾನೆಗಳಲ್ಲಿ ಬಟ್ಟೆ ಹೊಲಿಯುತ್ತಾರೆ. ರಾಜ ಇದ್ದಾನೆ, ಆದರೆ ಸರ್ಕಾರ ನಡೆಸುವುದು ಪ್ರಧಾನಮಂತ್ರಿ. "ಫೋಟೋ ಐತೇನೇ?" ಅಂದೆ. ಸುಧಾ ಮೊಬೈಲಿನಲ್ಲಿ ತೋರಿಸಿದಳು. ಕುದುರೆಯ ಮೇಲೆ ಗಂಡಸರು, ಮೈತುಂಬ ಕಂಬಳಿ, ದೊಡ್ಡಪ್ಪ. ನಡುಹಗಲಲ್ಲೂ ಕಂಬಳಿ. ನಿನ್ನ ಹಾಗೆಯೇ.

ನಿನ್ನ ಮಗ್ಗದ ಕುಣಿ ಕಣ್ಣಿಗೆ ಕಟ್ಟಿದಂತಾಯಿತು. ನೀನು ಕುಣಿಯೊಳಗೆ ಕಾಲು ಇಳಿಬಿಟ್ಟು ಕಂಬಳಿ ನೇಯುತ್ತಿದ್ದೆ, ನಾನು ಅಂಚಿನಲ್ಲಿ ಕೂತು ನೂಲು ಸುತ್ತುತ್ತಿದ್ದೆ. ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ. ನನಗೆ ಇನ್ನೊಂದು ಕೆಲಸವೂ ಇತ್ತು, ನಿನ್ನ ಕಥೆಗೆ ಹೂಂಗುಟ್ಟುವುದು. ಹೂಂ ಅನ್ನುವವರು ಸುಮ್ಮನಾದರೆ ಕಥೆಯೂ ಸುಮ್ಮನಾಗಬೇಕು ಅನ್ನುವುದು ನಿನ್ನ ಕಟ್ಟಳೆ. "ಒಂದು ದೇಶದ ಹೊಟ್ಟೆಯೊಳಗೆ ಇನ್ನೊಂದು ದೇಶ ಇತ್ತಂತೆ. ಅಲ್ಲಿ ರಾಜನೂ ಕಂಬಳಿ ಹೊದೀತಿದ್ದ, ಕುರುಬನೂ ಕಂಬಳಿ ಹೊದೀತಿದ್ದ." ಹೂಂ. "ಸುತ್ತಲಿನ ದೊಡ್ಡ ರಾಜ ಬಂದು, ನಿನ್ನತ್ರ ಚಿನ್ನ ಇಲ್ಲ, ಸಮುದ್ರ ಇಲ್ಲ, ಹೊರಗೆ ಹೋಗಾಕೆ ದಾರೀನೂ ನಂದೇ. ನಿನ್ನ ಯಾಕೆ ನುಂಗಬಾರದು ಹೇಳು, ಅಂದ." ಹೂಂ. "ಚಿಕ್ಕ ರಾಜ ಹೆಗಲ ಮೇಲಿನ ಕಂಬಳಿ ತೆಗೆದು ನೆಲಕ್ಕೆ ಹಾಸಿದ. ಹಾಸಿ, ಏನಂದ ಗೊತ್ತೇನವ್ವ?"

ಆಗ ನಾನು ಎಂಟನೇ ಕ್ಲಾಸು. ಶಾಲೆಯಲ್ಲಿ ಭೂಪಟದ ಪುಸ್ತಕ ಕೈಗೆ ಸಿಕ್ಕಿತ್ತು. ಹೂಂ ಅನ್ನುವ ಬದಲು, "ಅಂಥ ದೇಶ ಇಲ್ಲ ದೊಡ್ಡಪ್ಪ. ಎಲ್ಲ ಪುಟ ಹುಡುಕೀನಿ, ಎಲ್ಲೂ ಇಲ್ಲ" ಅಂದೆ. ಕಂಬಳಿ ಒಯ್ಯಲು ಬಂದವರು ನಾಲ್ಕೈದು ಜನ ಕಟ್ಟೆಯ ಮೇಲಿದ್ದರು. "ಲೇ ಈರಣ್ಣ, ನಿನ್ನ ರಾಜ್ಯ ಹೋತಲ್ಲೋ, ಹೆಣ್ಣುಡುಗಿ ಕೈಲಿ" ಅಂತ ಒಬ್ಬ ಅಂದ. ಎಲ್ಲರೂ ನಕ್ಕರು. ನೀನೂ ನಕ್ಕೆ. "ನೂಲು ಸುತ್ತವ್ವ" ಅಂದೆ, ಅಷ್ಟೇ. ಬೇರೆ ಕಥೆ ಎಷ್ಟೋ ಹೇಳಿದೆ. ಆ ದೇಶದ ಸುದ್ದಿ ಮತ್ತೆ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಯಾಕೆ ಕೇಳಲಿಲ್ಲವೋ...

ಮೊನ್ನೆ ಸುಧಾಳ ಭೂಪಟ ತೆಗೆದು ನೋಡಿದೆ. ಆ ಜಾಗ ನನಗೆ ಗುರುತಿತ್ತು! ಎಂಟನೇ ಕ್ಲಾಸಿನಲ್ಲೇ ನನ್ನ ಬೆರಳು ಅದರ ಮೇಲೆ ಹೋಗಿತ್ತು. ಸುತ್ತ ಒಂದೇ ಬಣ್ಣ, ನಡುವೆ ಚಿಕ್ಕದೊಂದು ದುಂಡು. ನಾನು ಅದನ್ನು ಕೆರೆ ಅಂದುಕೊಂಡಿದ್ದೆ, ದೊಡ್ಡಪ್ಪ. ಚಳ್ಳಕೆರೆ ಸೀಮೆಯ ಹುಡುಗಿ, ನಾಲ್ಕೂ ಕಡೆ ನೆಲವಿದ್ದು ನಡುವೆ ಏನಾದರೂ ಕಂಡರೆ ಇನ್ನೇನು ಅಂದುಕೊಂಡಾಳು? "ಎಷ್ಟು ದೊಡ್ಡ ಕೆರೆ, ಪುಣ್ಯವಂತರು" ಅಂತ ಹೊಟ್ಟೆಕಿಚ್ಚು ಬೇರೆ ಪಟ್ಟಿದ್ದೆ.

ನಮ್ಮ ಕುರಿ ಮೇಯುತ್ತಿದ್ದ ಕಾವಲನ್ನು ಸರ್ಕಾರ ತೆಗೆದುಕೊಂಡು ಊರ ಸುತ್ತ ಗೋಡೆ ಎಬ್ಬಿಸಿದ ವರ್ಷ ನಾನು ತವರಿಗೆ ಬಂದಾಗ ನೀನು ಕುರಿ ಹೊಡೆದುಕೊಂಡು ಗೋಡೆ ಉದ್ದಕ್ಕೂ ನಡೆಯುತ್ತಿದ್ದೆ. ಹುಲ್ಲು ಆ ಕಡೆ, ಕುರಿ ಈ ಕಡೆ. "ಈಗ ನಾವೇ ಒಳಗಿನೋರಾದೆವು ನೋಡವ್ವ" ಅಂದೆ. ಅದು ಆ ಕಥೆಯ ಮಾತು ಅಂತ ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಅಲ್ಲೇ ಕೇಳಬಹುದಿತ್ತಲ್ಲ? ಚಿಕ್ಕ ರಾಜ ಏನಂದ? ಗೈಡಿನಲ್ಲಿ ಇನ್ನೊಂದು ಸಾಲಿದೆ. ಆ ದೇಶ ತನ್ನ ಬೆಟ್ಟದ ನೀರನ್ನು ಸುತ್ತಲಿನ ದೇಶಕ್ಕೆ ಮಾರುತ್ತದಂತೆ. "ನೀನು ನನ್ನ ಸುತ್ತ ಇರಬಹುದು, ನಿನ್ನ ಕೊಡ ತುಂಬೋದು ನನ್ನ ಮನೇಲಿ" ಅಂದನೇ? ಇಲ್ಲ, ಕಂಬಳಿಯ ಮೇಲೆ ಕೂರಿಸಿ ಊಟ ಹಾಕಿದನೇ?

ತಡೆಯಲಾರದೆ ಸೋಮವಾರ ಚಳ್ಳಕೆರೆಗೆ ಹೋದೆ. ನಿನಗೆ ಉಣ್ಣೆ ಕೊಡುತ್ತಿದ್ದ ರಹಮತ್ ಸಾಬರು ಇನ್ನೂ ಇದ್ದಾರೆ. ಕಣ್ಣು ಮಂಜಾಗಿದೆ, ಉಣ್ಣೆಯನ್ನು ಬೆರಳಿನಲ್ಲೇ ನೋಡುತ್ತಾರೆ. "ಆ ದೇಶದ ಸುದ್ದಿ ಹೇಳಿದ್ದೇ ನಾನು ಕಣಮ್ಮ. ನಮ್ಮ ಚಾಚಾ ಆ ಕಡೆ ಅಂಗಡೀಲಿ ಕೆಲಸಕ್ಕಿದ್ರು. ಕಂಬಳಿ ಹೊದೆಯೋ ಮಂದಿ ಅಂತ ಕಾಗದ ಬರೆದಿದ್ರು. ರಾಜ, ಜಗಳ ಎಲ್ಲಾ ನಿಮ್ಮ ದೊಡ್ಡಪ್ಪನೇ ಕಟ್ಟಿದ್ದು" ಅಂದರು.

"ಕೊನೆಗೆ ಏನಾಯ್ತು ಅಂತ ನಿಮಗೆ ಹೇಳಿದ್ರಾ?"

"ಎಷ್ಟು ಸಲ ಕೇಳಿದೆ, ಹೇಳಲಿಲ್ಲ. ಈರಣ್ಣಂದು ಒಂದೇ ಹಟ. ಹುಡುಗಿ ಇನ್ನೂ ಹೂಂ ಅಂದಿಲ್ಲ ಸಾಬ್ರೆ, ಅವಳು ಹೂಂ ಅನ್ನದೆ ಮುಂದಕ್ಕೆ ಹೆಂಗೆ ಹೇಳ್ಲಿ, ಅಂತಿದ್ದ."

ಬಸ್ಸಿನಲ್ಲಿ ವಾಪಸು ಬರುವಾಗ ನಡುವಿನ ಊರುಗಳು ದಾಟಿದ್ದೂ ತಿಳಿಯಲಿಲ್ಲ. ಇಪ್ಪತ್ತೆಂಟು ವರ್ಷ ಕಾದೆಯಾ? ಹಬ್ಬಕ್ಕೆ ಬಂದೆ, ಬಾಣಂತನಕ್ಕೆ ಬಂದೆ, ನಿನ್ನ ಕೊನೆಯ ವಾರ ಪಕ್ಕದಲ್ಲೇ ಕೂತು ಗಂಜಿ ಕುಡಿಸಿದೆ. ಒಂದು ಅಕ್ಷರದಷ್ಟು ಮಾತು, ಅದನ್ನೇ ಅನ್ನಲಿಲ್ಲ.

ಸುಧಾಳಿಗೆ ನಿನ್ನೆ ಆ ಕಥೆ ಶುರುಮಾಡಿದೆ. ಚೆನ್ನಾಗಿ ಹೂಂಗುಟ್ಟುತ್ತಾಳೆ. ಕಂಬಳಿ ಹಾಸಿದಲ್ಲಿಗೆ ಬಂದು ನಿಲ್ಲಿಸಿದೆ. "ಏನಂದ, ಹೇಳವ್ವ" ಅಂತ ಪೀಡಿಸಿದಳು. ನನಗೆ ತೋಚಿದ್ದನ್ನು ಸೇರಿಸಿ ಮುಗಿಸಬಹುದಿತ್ತು. ಮುಗಿಸಲಿಲ್ಲ. ಇನ್ನು ಮುಂದೆಯೂ ಮುಗಿಸುವುದಿಲ್ಲ, ಅದು ನಿನ್ನ ಮಾತು. ಅವಳಿಗೆ ನಾನು ಹೇಳಿದ್ದು ಇಷ್ಟೇ: ಮುಂದಿನದು ನಿನ್ನ ಅಜ್ಜನ ಹತ್ತಿರ ಐತೆ, ನಾನು ಕೇಳಬೇಕು.

ಅದಕ್ಕೇ ಈ ಕಾಗದ. ದೇಶ ಇದೆ, ದೊಡ್ಡಪ್ಪ. ಭೂಪಟದಲ್ಲೂ ಇದೆ.

ಹೂಂ.