ಏಣಿಯ ಮೇಲಿಂದ ಹೇಳಲಾಗದ್ದು

ಅಂಗಡಿಯಿಂದ,
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಮಗಳೇ, ನನ್ನ ಸೈರನ್ನೇ,

ಹೇಗಿದ್ದೀಯಮ್ಮ? ಊಟ ಸೇರುತ್ತಿದೆಯೇ? ಹೋದ ಸಲ ಮೊದಲ ತಿಂಗಳುಗಳಲ್ಲಿ ನೀರಿನ ವಾಸನೆಯೂ ಆಗುವುದಿಲ್ಲ ಎಂದು ಗೋಳಾಡಿದ್ದೆ, ಈ ಸಲವೂ ಹಾಗೆಯೇ? ನಿನ್ನ ಮಗಳು, ನಮ್ಮ ಮರಿ ಸೈರನ್, ಹೇಗಿದ್ದಾಳೆ? ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮೊಣಕಾಲು ನೋವು ಇದ್ದಲ್ಲೇ ಇದೆ, ನನ್ನ ಎಡಗಿವಿ ಇನ್ನಷ್ಟು ಮಂದವಾಗಿದೆ. ಮೈಕ್ ಸೆಟ್ ಬಾಡಿಗೆಗೆ ಕೊಟ್ಟು, ಜೀವಮಾನವೆಲ್ಲ ಬೀರುವಿನಷ್ಟು ದೊಡ್ಡ ಸ್ಪೀಕರಿನ ಪಕ್ಕದಲ್ಲೇ ಕೂತವನ ಕಿವಿ ಇಷ್ಟಾದರೂ ಉಳಿದಿರುವುದೇ ಪುಣ್ಯ. ಮನೆಯಲ್ಲಿ ಬರೆದರೆ ಅಮ್ಮ ಬಗ್ಗಿ ನೋಡುತ್ತಾಳೆಂದು ಅಂಗಡಿಯಲ್ಲಿ ಕೂತಿದ್ದೇನೆ. ಫೋನ್ ಮಾಡದೆ ಇದೇನು ಪತ್ರ ಎಂದು ನಗಬೇಡ. ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡೆ. ಊರಿಗೆಲ್ಲ ಕೇಳುವಂತೆ "ಹಲೋ, ಹಲೋ, ಚೆಕ್" ಎನ್ನುವವನು ಮಗಳಿಗೊಂದು ಹಲೋ ಹೇಳಲಾಗದೆ ಅದನ್ನು ಮತ್ತೆ ಕೆಳಗಿಟ್ಟೆ.

ಹೋದ ಗುರುವಾರ ನೀನು ಫೋನ್ ಮಾಡಿದಾಗ ನಾನು ಪ್ರಾರ್ಥನಾ ಮಂದಿರದ ಅಂಗಳದಲ್ಲಿ ಏಣಿ ಹತ್ತಿ, ಕಂಬಕ್ಕೆ ಸ್ಪೀಕರ್ ಕಟ್ಟುತ್ತಿದ್ದೆ. ಏಣಿ ಹಿಡಿದುಕೊಂಡಿದ್ದ ಅಮ್ಮನನ್ನು ವೈರಿನ ಮೇಲೆ ಸುತ್ತುವ ಟೇಪ್ ತರಲು ಆಗಷ್ಟೇ ಒಳಗೆ ಕಳಿಸಿದ್ದೆ. ಎರಡು ಕೈಗೂ ಕೆಲಸವಿತ್ತು, ಹಾಗಾಗಿ ಫೋನನ್ನು ಸ್ಪೀಕರಿಗೆ ಹಾಕಿ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡೆ. ಹುಟ್ಟಿದ ದಿನ ಆಸ್ಪತ್ರೆಗೆ ಆಸ್ಪತ್ರೆಯನ್ನೇ ಎಬ್ಬಿಸಿದ್ದಕ್ಕೆ ನಿನ್ನನ್ನು ಸೈರನ್ ಎಂದು ಕರೆದವನು ನಾನು. ಅವತ್ತು ನಿನ್ನ ದನಿ ಜೇಬಿನಿಂದ ಆಚೆಗೇ ಬರಲಿಲ್ಲ. "ಕೇಳಿಸ್ತಿಲ್ಲ ಕಣೇ, ಜೋರಾಗಿ ಹೇಳು" ಎಂದು ಕೂಗಿದೆ. ಅಂಥ ಮಾತನ್ನು ನಿನ್ನ ಬಾಯಿಂದ ಎರಡೆರಡು ಸಲ ಹೇಳಿಸಿಬಿಟ್ಟೆ. ಮತ್ತೆ ಬಸುರಿಯಾಗಿದ್ದೀಯ, ಮೊದಲ ಹೆರಿಗೆಯಲ್ಲಿ ಆದ ರಕ್ತಸ್ರಾವ ಈ ಸಲವೂ ಆಗಬಹುದು, ಆಗದೆಯೂ ಇರಬಹುದು, ಡಾಕ್ಟರಿಗೇ ಖಾತ್ರಿಯಿಲ್ಲ. ಗಂಡ "ನಿನ್ನಿಷ್ಟ" ಎಂದಷ್ಟೇ ಹೇಳಿ ಬಾಲ್ಕನಿಗೆ ಹೋಗಿ ನಿಲ್ಲುತ್ತಾನೆ. ಈ ಬರುವ ಶುಕ್ರವಾರ ಆಸ್ಪತ್ರೆಗೆ ಬಾ ಎಂದಿದ್ದಾರೆ. ಇಷ್ಟು ಹೇಳಿ ಕೊನೆಗೆ ಕೇಳಿದೆ, "ಅಪ್ಪಾ, ನಾನು ತೆಗೆಸಿಕೊಂಡ್ರೆ ಆಮೇಲೆ ನನ್ನ ಮುಖ ನೋಡ್ತೀಯಾ?" ಏಣಿ ಮೇಲಿದ್ದೀನಿ, ಇಳಿದು ಮಾಡ್ತೀನಿ ಎಂದೆ. ಇಳಿದೆ, ಆದರೆ ಫೋನ್ ಮಾಡಲಿಲ್ಲ.

ಇಷ್ಟು ಬರೆದು ಎದ್ದು ಹೋಗಿ ಒಂದು ಸುತ್ತು ವೈರ್ ಸುತ್ತಿಟ್ಟು ಬಂದೆ. ಕೂತಲ್ಲಿ ಕೂರಲಾಗುತ್ತಿಲ್ಲ. ಆ ಸ್ಪೀಕರ್ ಕಟ್ಟುತ್ತಿದ್ದದ್ದು ಯಾವ ಸಭೆಗೆ ಬಲ್ಲೆಯಾ? ಗರ್ಭಪಾತದ ಬಗ್ಗೆ ನಮ್ಮ ಬೋಧಕರ ಉಪನ್ಯಾಸಕ್ಕೆ. ಹೊಸ ಕಾನೂನು ಬರುತ್ತದಂತೆ. ಊರಿನಲ್ಲಿ ಕಟಿಂಗ್ ಶಾಪಿನಿಂದ ಹಿಡಿದು ಬಸ್ ನಿಲ್ದಾಣದವರೆಗೆ ಎಲ್ಲರ ಬಾಯಲ್ಲೂ ಅದೇ. ಬೋಧಕರ ಮೇಲೆ ಸಿಟ್ಟಾಗಬೇಡ. ನಿನ್ನ ಹೆರಿಗೆಯ ದಿನ ಬೆಳಗಾಗುವವರೆಗೆ ನಮ್ಮ ಜೊತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದವರು ಅವರು. ಆ ಸಂಜೆ ಅವರು, "ದನಿಯೇ ಇಲ್ಲದ ಜೀವದ ಪರವಾಗಿ ಯಾರು ಮಾತಾಡಬೇಕು?" ಎಂದಾಗ ನನ್ನ ಎದೆಗೆ ನಾಟಿತು. ಸಣ್ಣ ದನಿಯನ್ನು ದೊಡ್ಡದು ಮಾಡುವುದೇ ನನ್ನ ಕಸುಬು ತಾನೇ? ಈಗಲೂ ಆ ಮಾತು ಸುಳ್ಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆಮೇಲೆ ಅವರ ದನಿ ಏರಿತು. "ಅಂಥವಳನ್ನು ತಾಯಿ ಅನ್ನಬೇಡಿ, ಅವಳ ಮುಖ ನೋಡಬೇಡಿ" ಎಂದರು. ನೋಡುತ್ತೇನೆ, ನನ್ನ ಕೈ ವಾಲ್ಯೂಮನ್ನು ಪೂರ್ತಿ ಇಳಿಸಿಬಿಟ್ಟಿದೆ. ಬೋಧಕರ ಬಾಯಿ ಆಡುತ್ತಿದೆ, ಸಭೆಗೆ ಏನೂ ಕೇಳಿಸುತ್ತಿಲ್ಲ. ನನ್ನ ಜನ್ಮದಲ್ಲೇ ಒಬ್ಬರ ಮಾತನ್ನು ಹಾಗೆ ಅಡಗಿಸಿದವನಲ್ಲ ನಾನು.

ಇನ್ನೊಂದು ವಿಚಿತ್ರ ಕೇಳು. ನಿನಗೆ ಗೊತ್ತಲ್ಲ, ನಾನು ಹಿಂದೆ ಕೂರುತ್ತೇನೆಂದು ಅಮ್ಮ ಯಾವಾಗಲೂ ಮುಂದಿನ ಸಾಲಿನಲ್ಲಿ ಕೂತು ಕೈಸನ್ನೆ ಮಾಡುತ್ತಾಳೆ. ಕಿವಿ ಮುಟ್ಟಿದರೆ ಜೋರು ಮಾಡು ಎಂದು, ಅಂಗೈ ಕೆಳಗೆ ಮಾಡಿದರೆ ಕಡಿಮೆ ಮಾಡು ಎಂದು. ಅವತ್ತು ಎಲ್ಲರೂ ಕತ್ತು ತಿರುಗಿಸಿ ನನ್ನನ್ನೇ ನೋಡಿದರು. ಅಮ್ಮ ತಿರುಗಲಿಲ್ಲ, ಕಿವಿ ಮುಟ್ಟಲಿಲ್ಲ. ಕೈ ಮಡಿಲಲ್ಲೇ ಇತ್ತು. ತೂಕಡಿಸುತ್ತಿದ್ದಳೋ ಏನೋ ಎಂದುಕೊಂಡೆ. ಸಭೆ ಮುಗಿದ ಮೇಲೆ ಬೋಧಕರು "ಏನಪ್ಪಾ, ಸೌಂಡು ಕೈಕೊಡ್ತಾ?" ಎಂದರು. ವೈರ್ ಸಡಿಲವಾಗಿತ್ತು ಎಂದೆ. ಪಾಪ, ನಂಬಿದರು.

ಸರಿ, ಬೋಧಕರು ಹೇಳಿದ್ದು ತಪ್ಪು ಎಂದಾದರೆ ಆಚೆ ಬದಿಯವರು ಹೇಳುವುದು ಸರಿ ಇರಬೇಕಲ್ಲ? ಭಾನುವಾರ ಲೈಬ್ರರಿ ಹಾಲಿನಲ್ಲಿ ಅವರ ಸಭೆ, ಅದಕ್ಕೂ ಮೈಕ್ ನನ್ನದೇ. ವಯಸ್ಸಾದ ಒಬ್ಬ ಡಾಕ್ಟರಮ್ಮ ತನ್ನ ಕಣ್ಣೆದುರು ತೀರಿಕೊಂಡ ಬಾಣಂತಿಯರ ಬಗ್ಗೆ ಹೇಳಿದರು. ಅವರು ಅಳಲಿಲ್ಲ, ನಾನು ಅತ್ತೆ. ನಿನ್ನ ಹೆರಿಗೆಯ ರಾತ್ರಿ ಮಂಚದ ಕೆಳಗೆ ರಕ್ತ ಒರೆಸುತ್ತಿದ್ದ ಆಯಾ, ಒಳಗೂ ಹೊರಗೂ ಓಡಾಡುತ್ತಿದ್ದ ನರ್ಸು, ಎಲ್ಲ ಕಣ್ಣ ಮುಂದೆ ಬಂತು. ಶುಕ್ರವಾರ ಬೇಗ ಬರಲಿ, ಮಗಳು ಬದುಕಿರಲಿ, ಅಷ್ಟೇ ಸಾಕು ಅನಿಸಿತು. ಅಷ್ಟರಲ್ಲಿ ಒಬ್ಬ ಯುವಕ ಎದ್ದು ಮೈಕ್ ಹಿಡಿದು, "ಇದರಲ್ಲಿ ಯೋಚನೆ ಮಾಡೋಕೆ ಏನಿದೆ? ಹುಳುಕು ಹಲ್ಲು ಕೀಳಿಸಿಕೊಂಡಷ್ಟೇ" ಎಂದ. ಜನ ಚಪ್ಪಾಳೆ ತಟ್ಟಿದರು. ನನ್ನ ಕೈ ಮತ್ತೆ ವಾಲ್ಯೂಮನ್ನು ಇಳಿಸಿಬಿಟ್ಟಿತು. ಹಲ್ಲು ಕೀಳಿಸಿಕೊಳ್ಳುವುದಕ್ಕೆ ಯಾರಾದರೂ ನೀನು ಅವತ್ತು ಫೋನಿನಲ್ಲಿ ಅತ್ತ ಹಾಗೆ ಅಳುತ್ತಾರೇನಮ್ಮ? ಎರಡೂ ಕಡೆ ಹೆಸರು ಕೆಡಿಸಿಕೊಂಡು ಬಂದಿದ್ದೇನೆ. ಇನ್ನು ನನ್ನ ಮೈಕನ್ನು ಯಾರು ಕರೆಯುತ್ತಾರೋ ದೇವರೇ ಬಲ್ಲ.

ಹಾಗಾಗಿ ಯಾವುದು ಸರಿ ಎಂದು ನನ್ನನ್ನು ಕೇಳಬೇಡ ಕಂದಾ. ಪಾಪ ಪುಣ್ಯದ ವಿಷಯದಲ್ಲಿ ನಾನು ಯಾವತ್ತೂ ನಿನ್ನ ಅಮ್ಮನ ಹಿಂದೆ ನಡೆದವನು, ಸ್ವಂತ ಬುದ್ಧಿ ಓಡಿಸಿದವನಲ್ಲ. ಒಳಗಿರುವುದೂ ಜೀವವೇ ಎಂದು ನನಗೆ ಅನಿಸುತ್ತದೆ, ಮುಚ್ಚಿಟ್ಟರೆ ಸುಳ್ಳಾಗುತ್ತದೆ. ನೀನೂ ಜೀವ ತಾನೇ, ನಾನು ಎತ್ತಿ ಆಡಿಸಿದ ಜೀವ. ಇವೆರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ನನಗೆ ಬರುತ್ತಿಲ್ಲ. ಆದರೆ ಮುಖ ನೋಡ್ತೀಯಾ ಎಂದೆಯಲ್ಲ, ಅದಕ್ಕೆ ಮಾತ್ರ ಉತ್ತರ ಇದೆ. ನೋಡುತ್ತೇನೆ. ಇಟ್ಟುಕೊಂಡರೂ ನೋಡುತ್ತೇನೆ, ತೆಗೆಸಿಕೊಂಡರೂ ನೋಡುತ್ತೇನೆ. ಈ ಗುರುವಾರ ಸಂಜೆಯ ಬಸ್ಸಿಗೆ ಬಂದು ಇಳಿಯುತ್ತೇನೆ. ನೀನು ಬೇಡವೆಂದಂತೆ ಅಮ್ಮನಿಗೆ ಏನೂ ಹೇಳಿಲ್ಲ. ಆಂಪ್ಲಿಫೈಯರ್ ರಿಪೇರಿಗೆ ಹೋಗುತ್ತಿದ್ದೇನೆ ಎನ್ನುತ್ತೇನೆ. ಅವಳಿಗೆ ಗೊತ್ತಾದರೆ ಏನಾಗುತ್ತದೋ ಎಂದು ಭಯ.

ಅಳಿಯನಿಗೆ ಬಾಲ್ಕನಿಯಿಂದ ಒಳಗೆ ಬರಲು ಹೇಳು, ನಾನು ಹೇಳಿದೆನೆಂದು ಹೇಳು. ಮರಿ ಸೈರನ್ನಿಗೆ ಎರಡೂ ಕೆನ್ನೆಗೆ ಮುತ್ತು. ಹೊತ್ತು ಹೊತ್ತಿಗೆ ಊಟ ಮಾಡು, ಭಾರ ಎತ್ತಬೇಡ. ದೇವರು ನಿನ್ನ ತಲೆ ಕಾಯಲಿ.

ಇಂತಿ,
ಏಣಿ ಇಳಿದ ನಿನ್ನ ಅಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಮ್ಮ ಅಂಗಡಿಗೆ ಬಂದಳು. ರಿಪೇರಿಯ ಕಥೆ ಶುರು ಮಾಡಿದೆ. ಅವಳು ಸೆರಗಿನೊಳಗಿಂದ ಟೇಪಿನ ಸುರುಳಿ ತೆಗೆದು ಮೇಜಿನ ಮೇಲಿಟ್ಟಳು. "ಅವತ್ತು ಟೇಪ್ ತಂದು ಏಣಿ ಕೆಳಗೇ ನಿಂತಿದ್ದೆ ಕಣ್ರೀ. ನೀವು ಜೋರಾಗಿ ಹೇಳು ಅಂದ್ರಿ, ಅವಳು ಹೇಳಿದ್ಲು" ಎಂದಳು. ಸಭೆಯಲ್ಲಿ ಅವಳ ಕೈ ಯಾಕೆ ಕಿವಿಗೆ ಹೋಗಲಿಲ್ಲ ಎಂದು ಈಗ ತಿಳಿಯಿತು. ಅಷ್ಟು ದಿನ ನನ್ನ ಜೊತೆ ಒಂದೇ ಮನೆಯಲ್ಲಿ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದಾಳೆ. "ಅದು ಪಾಪಾನೇ ಅಂತ ನಂಗೆ ಈಗ್ಲೂ ಅನ್ಸುತ್ತೆ. ಅದನ್ನ ನಾನು ದೇವ್ರ ಹತ್ರ ಮಾತಾಡ್ಕೋತೀನಿ. ಅವಳ ತಲೆ ಹತ್ರ ಕೂರೋಳು ನಾನು, ನೀವು ಹೊರಗೆ ಬೆಂಚಿನ ಮೇಲೆ ಕೂತ್ಕೊಳ್ಳಿ" ಎಂದಳು. ಈಗಲೇ ಫೋನ್ ಮಾಡೋಣವೇ ಎಂದೆ. "ಬೇಡ, ನೀವು ಮತ್ತೆ ಏಣಿ ಹತ್ತುತ್ತೀರ, ಪತ್ರದಲ್ಲೇ ಬರೀರಿ" ಎಂದಳು. ಕೊರಿಯರಿನವನು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ, ಇದು ನಾಳೆಯೇ ನಿನ್ನ ಕೈ ಸೇರುತ್ತದಂತೆ. ನಾನು ಬರೆದದ್ದನ್ನು ಅಮ್ಮ ಬಗ್ಗಿ ನೋಡಿದಳು. ಅಕ್ಷರ ಸಣ್ಣದಾಯಿತೆಂದು ಕಿವಿ ಮುಟ್ಟಿ ತೋರಿಸುತ್ತಿದ್ದಾಳೆ. ದೊಡ್ಡದಾಗಿಯೇ ಬರೆಯುತ್ತೇನೆ, ಓದಿಕೋ: ಇಬ್ಬರೂ ಬರುತ್ತಿದ್ದೇವೆ.